ಕಡಲೂರಿಗೆ ಗಾಲ್ಫ್ ಕಿಟ್ ಹೊತ್ತು ಹೊರಡುವ ಮುನ್ನ

ಮೈಸೂರಿನ ಗೆಳೆಯರು ಮಂಗಳೂರು, ಕೊಚ್ಚಿ, ಚೆನ್ನೈ ಕಡೆ ಹೊರಟಾಗಲೆಲ್ಲ ನನ್ನನ್ನು ಕೇಳುವುದುಂಟು: "ಅಲ್ಲಿ ಗಾಲ್ಫ್ ಆಡೋಕೆ ಯಾವ ಕೋರ್ಸ್ ಚೆನ್ನಾಗಿದೆ?" ಅವರಿಗೆ ಬೇಕಿರುವುದು ಒಂದು ಹೆಸರು. ನಾನು ಹೆಸರು ಹೇಳುವ ಮೊದಲು ಮೂರು ವಿಷಯ ವಿಚಾರಿಸಲು ಹೇಳುತ್ತೇನೆ. ಸದಸ್ಯರಲ್ಲದವರನ್ನು ಆ ದಿನ ಒಳಗೆ ಬಿಡುತ್ತಾರಾ? ನೀವು ಹೋಗುವ ತಿಂಗಳಲ್ಲಿ ನೆಲ ಹೇಗಿರುತ್ತದೆ? ಬೆಳಿಗ್ಗೆ ಎಷ್ಟು ಗಂಟೆಗೆ ಆಟ ಶುರು ಮಾಡಬಹುದು? ಈ ಮೂರಕ್ಕೂ ತೃಪ್ತಿಯಾಗುವ ಉತ್ತರ ಸಿಕ್ಕರೆ ಅದೇ ಪ್ರವಾಸಿಗೆ ತಕ್ಕ ಮೈದಾನ. ಕರಾವಳಿಯಲ್ಲಿ ವರ್ಷಗಟ್ಟಲೆ ಆಡಿ ನಾನು ಕಲಿತದ್ದರ ಸಾರ ಇಷ್ಟೇ.

ಮೈಸೂರಿನವರಿಗೆ ಇದರಲ್ಲಿ ಅರ್ಧ ಪಾಠ ಮನೆಯಲ್ಲೇ ಆಗಿರುತ್ತದೆ. ಚಾಮುಂಡಿ ಬೆಟ್ಟದ ತಪ್ಪಲಿನ ನಮ್ಮ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನ 18 ಹೋಲ್‌ಗಳ ಕೋರ್ಸ್ ಇರುವುದು ರೇಸ್ ಕೋರ್ಸಿನ ಆವರಣದಲ್ಲಿ. ಕುದುರೆಗಳಿಗೂ ನಮಗೂ ಒಂದೇ ಬಯಲು. ಹಾಗಾಗಿ ಮೈದಾನಕ್ಕೆ ಅದರದ್ದೇ ವೇಳಾಪಟ್ಟಿ ಇದೆ, ನಾವು ಅದಕ್ಕೆ ಹೊಂದಿಕೊಳ್ಳಬೇಕು ಎನ್ನುವುದು ಇಲ್ಲಿ ಆಡುವವರಿಗೆ ರೂಢಿಯಾಗಿಬಿಟ್ಟಿದೆ. ಪರವೂರಿಗೆ ಹೋದಾಗ ಈ ರೂಢಿಯೇ ಕೈಹಿಡಿಯುತ್ತದೆ.

ಮೊದಲು ಬಾಗಿಲಿನ ಮಾತು. ಯಾರು ಬೇಕಾದರೂ ದುಡ್ಡು ಕೊಟ್ಟು ಆಡಬಹುದಾದ ಸಾರ್ವಜನಿಕ ಗಾಲ್ಫ್ ಕೋರ್ಸ್ ನಮ್ಮ ದೇಶದಲ್ಲಿ ತೀರ ಕಡಿಮೆ. ದೆಹಲಿ ಅಭಿವೃದ್ಧಿ ಪ್ರಾಧಿಕಾರ 2000ದಲ್ಲಿ ಲಾಡೋ ಸರಾಯ್‌ನಲ್ಲಿ ತೆರೆದ ಕುತುಬ್ ಗಾಲ್ಫ್ ಕೋರ್ಸ್ ದೇಶದ ಮೊದಲನೆಯದು. ಉಳಿದ ಕಡೆ ಹೆಚ್ಚಿನವು ಕ್ಲಬ್‌ಗಳದ್ದು, ಸೇನೆಯದ್ದು ಇಲ್ಲವೇ ರೆಸಾರ್ಟ್‌ಗಳದ್ದು. ಅತಿಥಿಗಳಿಗೆ ಅವಕಾಶವಿದ್ದರೂ ಅದು ದಿನಕ್ಕೊಂದು ಬಗೆ. ವಾರದ ನಡುವೆ ಸುಲಭ, ಶನಿವಾರ ಭಾನುವಾರ ಕಷ್ಟ. ಟೂರ್ನಿ ಇದ್ದರೆ ಸಾಧ್ಯವೇ ಇಲ್ಲ. ಎಷ್ಟೋ ಕಡೆ ಸೋಮವಾರ ನಿರ್ವಹಣೆಗೆಂದು ರಜೆ.

ಹಾಗಾಗಿ ಒಂದು ವಾರ ಮೊದಲೇ ಕ್ಲಬ್ಬಿನ ಕಚೇರಿಗೆ ಫೋನ್ ಮಾಡಿ. ಹೊರಗಿನವರಿಗೆ ಗ್ರೀನ್ ಫೀ ಎಷ್ಟು, ಕ್ಯಾಡಿಯ ಕೂಲಿ ಅದರಲ್ಲೇ ಸೇರಿದೆಯೇ ಅಥವಾ ಬೇರೆಯೇ, ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ ತೋರಿಸಬೇಕೇ, ನಮ್ಮ ಕ್ಲಬ್ಬಿನಿಂದ ಪರಿಚಯ ಪತ್ರ ಬೇಕೇ, ಬಾಡಿಗೆಗೆ ಕ್ಲಬ್ ಸೆಟ್ ಸಿಗುತ್ತದೆಯೇ, ಎಲ್ಲವನ್ನೂ ಕೇಳಿ. ಮಾತಾಡಿದವರ ಹೆಸರು, ಅವರು ಕೊಟ್ಟ ಸಮಯ ಬರೆದಿಟ್ಟುಕೊಳ್ಳಿ. ಕಾಲರ್ ಇರುವ ಟಿ-ಶರ್ಟ್ ಮತ್ತು ಮೆತ್ತನೆ ಸ್ಪೈಕಿನ ಶೂ ಎಲ್ಲ ಕಡೆ ನಡೆಯುತ್ತದೆ. ಜೀನ್ಸ್ ಮನೆಯಲ್ಲೇ ಇರಲಿ.

ಎರಡನೆಯದು ನೆಲ. ಮಂಗಳೂರಿಗೆ ಹೋಗುವವರಿಗೆ ನಾನು ಹೇಳುವುದು ಮೂಡುಶೆಡ್ಡೆಯ ಪಿಲಿಕುಳ. ನಿಸರ್ಗಧಾಮ, ಕೆರೆ, ಮೃಗಾಲಯ, ತಾರಾಲಯ ಎಲ್ಲ ಅಲ್ಲೇ ಇರುವುದರಿಂದ ಗಾಲ್ಫ್ ಆಡದ ಮನೆಯವರಿಗೂ ಬೇಸರವಾಗದು. ಆದರೆ ಯಾವ ತಿಂಗಳು ಎನ್ನುವುದು ಮುಖ್ಯ. ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 800 ಮಿ.ಮೀ. ಆಸುಪಾಸು, ಮಂಗಳೂರಿನಲ್ಲಿ 3,500 ಮಿ.ಮೀ.ಗೂ ಹೆಚ್ಚು, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ತಿಂಗಳುಗಳಲ್ಲಿ ಎತ್ತರಕ್ಕೆ ಹೊಡೆದ ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತದೆ, ಎತ್ತಿ ಒರೆಸಿದರೆ ಬೆರಳಿಗೆಲ್ಲ ಕೆಂಪು ಮಣ್ಣು. ಬೇಸಿಗೆಯಲ್ಲಿ ಇದಕ್ಕೆ ತದ್ವಿರುದ್ಧ: ಜಂಬಿಟ್ಟಿಗೆ ನೆಲ ಬಿರುಸಾಗಿ, ಚೆಂಡು ಪುಟಿದು ನೆನೆಸದಷ್ಟು ದೂರ ಉರುಳುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲವೇ ಕರಾವಳಿಯ ಆಟಕ್ಕೆ ಹದ. ಮಳೆಗಾಲದಲ್ಲಿ ದಾರಿಯಲ್ಲೇ ಸಿಗುವ ಮಡಿಕೇರಿಯನ್ನು ನೆಚ್ಚಿಕೊಳ್ಳುವುದೂ ಬೇಡ, ಅಲ್ಲಿಯೂ ಮಳೆ ಬಿಡುವುದಿಲ್ಲ. ಚಳಿಗಾಲದಲ್ಲಾದರೆ ಮಂಗಳೂರಿನ ದಾರಿಯಲ್ಲಿ ಮಡಿಕೇರಿಯಲ್ಲೊಂದು ದಿನ ಇಳಿದು ಆಡಿಯೇ ಘಟ್ಟ ಇಳಿಯಿರಿ.

ಮೂರನೆಯದು ಸಮಯ, ಅಂದರೆ ಗಾಳಿ. ಕಡಲ ತೀರದಲ್ಲಿ ಬಿಸಿಲೇರಿದಂತೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ನೆಲದ ಮೇಲಿನ ಬಿಸಿಗಾಳಿ ಮೇಲೇರಿ ಆ ಜಾಗಕ್ಕೆ ಕಡಲಿನಿಂದ ಗಾಳಿ ನುಗ್ಗುತ್ತದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಅದು ಬೆಳಗಿನ ಹೊತ್ತು ಕಳೆದ ಮೇಲೆ ಪಡುವಣದಿಂದ ಬೀಸತೊಡಗಿ ಮಧ್ಯಾಹ್ನಕ್ಕೆ ಜೋರಾಗುತ್ತದೆ. ಅಲ್ಲಿ ನನಗೆ ಕ್ಯಾಡಿಯಾಗಿದ್ದ ಹುಡುಗ ಬಾವುಟದ ಕಡೆ ನೋಡುತ್ತಲೇ ಇರಲಿಲ್ಲ. ಅವನ ಕಣ್ಣು ಅಂಚಿನ ತೆಂಗಿನ ಮರಗಳ ತುದಿಯ ಮೇಲೆ. "ಸಾರ್, ಕೆಳಗೆ ಗಾಳಿ ಗೊತ್ತಾಗುದಿಲ್ಲ, ಮೇಲೆ ಉಂಟು. ಏಳು ಬೇಡ, ಆರು ತಗೊಳ್ಳಿ" ಎಂದ. ಏಳನೇ ಐರನ್ ಹಿಡಿದಿದ್ದವನು ಅವನ ಮಾತಿನಂತೆ ಆರನೆಯದನ್ನು ತೆಗೆದುಕೊಂಡೆ. ಚೆಂಡು ಗ್ರೀನಿನ ಮುಂದಂಚಿಗೆ ಹೋಗಿ ನಿಂತಿತು. ಏಳರಲ್ಲಿ ಹೊಡೆದಿದ್ದರೆ ಬಂಕರ್ ಪಾಲು.

ಇದರ ಹಿಂದೆ ಇನ್ನೊಂದು ಕಾರಣವೂ ಇದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕೊಂಚ ತೆಳು, ಚೆಂಡು ಕೊಂಚ ದೂರ ಹೋಗುತ್ತದೆ. ಕಡಲಮಟ್ಟಕ್ಕೆ ಇಳಿದರೆ ನೂರೈವತ್ತು ಗಜದ ಹೊಡೆತ ನಾಲ್ಕೈದು ಗಜ ಕುಗ್ಗಬಹುದು. ಸೆಖೆಗೆ ಕೈ ಬೆವರುವುದರಿಂದ ಗ್ಲೌಸ್ ಎರಡಾದರೂ ಇರಲಿ, ಒಂದು ಒದ್ದೆಯಾದಾಗ ಇನ್ನೊಂದು ಬೇಕು. ಇಷ್ಟೆಲ್ಲ ಇರುವುದರಿಂದಲೇ ಬೆಳಿಗ್ಗೆ ಬೇಗ ಟೀ ಟೈಮ್ ಕೊಡುವ ಕೋರ್ಸ್, ಉದ್ದದಲ್ಲಿ ಚಿಕ್ಕದಾದರೂ, ಹತ್ತು ಗಂಟೆಗೆ ಒಳಗೆ ಬಿಡುವ ದೊಡ್ಡ ಕೋರ್ಸಿಗಿಂತ ಮೇಲು.

ಚಿಕ್ಕ ಕೋರ್ಸ್ ಎಂದು ಮೂಗು ಮುರಿಯಬೇಡಿ. ಕೊಚ್ಚಿಯಲ್ಲಿ ಡಚ್ಚರು 1744ರಲ್ಲಿ ಕಟ್ಟಿದ ಬೋಲ್ಗಾಟ್ಟಿ ಅರಮನೆಯ ಪಕ್ಕ, ದ್ವೀಪದ ಮೇಲೆ, ಒಂಬತ್ತು ಹೋಲ್‌ಗಳ ಕೋರ್ಸ್ ಇದೆ. ಒಂದು ಸುತ್ತಿನಲ್ಲಿ ಜಾಗದ ಗುಣ ತಿಳಿದುಕೊಂಡು, ಎರಡನೇ ಸುತ್ತಿನಲ್ಲಿ ತಿಳಿದು ಆಡುವ ಅವಕಾಶ ಒಂಬತ್ತರಲ್ಲೇ ಹೆಚ್ಚು. ಚೆನ್ನೈಯ ಪಾಠ ಬೇರೆ. ಗಿಂಡಿಯಲ್ಲಿಯೂ ನಮ್ಮಲ್ಲಿಯಂತೆ ರೇಸ್ ಕೋರ್ಸಿನೊಳಗೆ ಗಾಲ್ಫ್ ನಡೆಯುತ್ತಿತ್ತು. 2024ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡು ಸರ್ಕಾರ ರೇಸ್ ಕೋರ್ಸ್ ಭೂಮಿಯನ್ನು ವಶಕ್ಕೆ ತೆಗೆದುಕೊಂಡಿತು. ಗುತ್ತಿಗೆ ಭೂಮಿಯ ಮೇಲಿನ ಮೈದಾನಗಳ ಸ್ಥಿತಿ ಹೀಗೆ ರಾತ್ರೋರಾತ್ರಿ ಬದಲಾಗಬಹುದು. ಹಿಂದಿನ ವರ್ಷ ಆಡಿಬಂದವರ ಮಾತು ನಂಬಿ ಕಿಟ್ ಕಟ್ಟಬೇಡಿ. ಹೊರಡುವ ಹಿಂದಿನ ದಿನ ಮತ್ತೊಮ್ಮೆ ಫೋನ್ ಮಾಡಿ.

ಬಾಗಿಲು ಎಲ್ಲಕ್ಕಿಂತ ಮೊದಲು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಬೆಂಗಳೂರಿನ ಅದಿತಿ ಅಶೋಕ್ ಗಾಲ್ಫ್ ಆಡುವವರ ಮನೆಯಲ್ಲಿ ಹುಟ್ಟಿದವರಲ್ಲ. ಐದರ ಪ್ರಾಯದಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನದೊಳಗೆ ಕಾಲಿಡಲು ಸಾಧ್ಯವಾದದ್ದರಿಂದ ಆಟ ಶುರುವಾಯಿತು. ಹೊರಗಿನವರಿಗೆ ತೆರೆದುಕೊಳ್ಳುವ ಮೈದಾನ ಇಲ್ಲದಿದ್ದರೆ ಆ ಮಗು ಬೇಲಿಯಾಚೆಯೇ ಉಳಿಯುತ್ತಿತ್ತು.

ಅಂಥ ಮೈದಾನಗಳು ಉಳಿಯುವುದು ಸದಸ್ಯರ ಚಂದಾದಿಂದ ಮಾತ್ರವಲ್ಲ, ಬಂದುಹೋಗುವವರು ಕೊಡುವ ಗ್ರೀನ್ ಫೀಯಿಂದಲೂ ಹೌದು. ಪ್ರವಾಸಿಯಾಗಿ ನೀವು ಆರಿಸುವ ಕೋರ್ಸ್ ಒಂದು ಬಗೆಯ ಓಟೂ ಆಗುತ್ತದೆ. ದರವನ್ನು ಬೋರ್ಡಿನಲ್ಲಿ ಬರೆದು ಹಾಕಿ, ಹೊಸಬರನ್ನು ಗೌರವದಿಂದ ಕರೆದು, ಕ್ಯಾಡಿಗಳಿಗೆ ಸರಿಯಾದ ಕೂಲಿ ಕೊಡುವ ಕಡೆಗೇ ಹೋಗಿ. ಆಟ ಮುಗಿದ ಮೇಲೆ ಅಲ್ಲಿನ ಕಾರ್ಯದರ್ಶಿಗೆ ಎರಡು ಸಾಲು ಬರೆದು, ಅತಿಥಿಗಳಿಗೆ ಬಾಗಿಲು ತೆರೆದಿಟ್ಟದ್ದು ಒಳ್ಳೆಯದಾಯಿತು ಎಂದು ತಿಳಿಸಿ. ಮೈಸೂರಿಗೆ ಬರುವ ಕರಾವಳಿಯ ಗೆಳೆಯರಿಗೂ ಇಲ್ಲಿ ಅದೇ ಆದರ ಸಿಗುವಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.