ಕೊಟ್ಟಷ್ಟೂ ಬೆಳೆಯುವ ಭಂಡಾರ

ಇಂದಿನ ವಿಜಯಪುರವು ಬಿಜಾಪುರವೆನಿಸಿದ್ದ ಕಾಲದಲ್ಲಿ ಫ. ಗು. ಹಳಕಟ್ಟಿಯವರು ಅಲ್ಲಿ ವಕೀಲರಾಗಿದ್ದರು. ಮನೆಮಠಗಳಲ್ಲಿ ಚದುರಿಹೋಗಿದ್ದ ವಚನಗಳ ಓಲೆಗರಿಗಳನ್ನು ಅವರು ಶ್ರಮಪಟ್ಟು ಸಂಗ್ರಹಿಸಿದರು; 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಹಲವು ಮನೆಗಳ ಗಂಟಾಗಿದ್ದುದು ಹೀಗೆ ನಾಡಿನ ಸೊತ್ತಾಯಿತು. ಸಂಗ್ರಹಿಸಿ ಹಂಚುವ ಇಂತಹದೇ ಕಾರ್ಯವು ಇಂದು ಗಣಕಯಂತ್ರದ ಕ್ಷೇತ್ರದಲ್ಲಿಯೂ ನಡೆಯುತ್ತಿದೆ.

ಗಣಕಯಂತ್ರಕ್ಕೆ ಆದೇಶವನ್ನು ನೀಡಲು ರೂಪಿಸಿದ ಭಾಷೆಗೆ ಪ್ರೋಗ್ರಾಮಿಂಗ್ ಭಾಷೆಯೆಂದು ಹೆಸರು. ಪದೇ ಪದೇ ಬೇಕಾಗುವ ಆದೇಶಗಳನ್ನು ಒಮ್ಮೆ ಬರೆದು, ಪರೀಕ್ಷಿಸಿ, ಒಂದು ಕಟ್ಟಾಗಿ ಇಟ್ಟರೆ ಅದು ‘ಲೈಬ್ರರಿ’ ಎನಿಸುತ್ತದೆ. ಭಾಷೆಯನ್ನು ರೂಪಿಸಿದವರು ಎಲ್ಲರ ಅಗತ್ಯಗಳನ್ನೂ ಮುಂಗಾಣಲಾರರು. ಆದುದರಿಂದ ಬಳಸುವವರೇ ಲೈಬ್ರರಿಗಳನ್ನು ರಚಿಸಿ ಪರಸ್ಪರ ಹಂಚಿಕೊಳ್ಳುವ ಪದ್ಧತಿ ಬೆಳೆಯಿತು. ಇದಕ್ಕಾಗಿ ಪರ್ಲ್ ಭಾಷೆಗೆ 1995ರಲ್ಲಿ ‘ಸೀಪ್ಯಾನ್’ ಎಂಬ ಭಂಡಾರವೂ ಪೈಥಾನ್ ಭಾಷೆಗೆ 2003ರಲ್ಲಿ ‘ಪೈಪಿಐ’ ಎಂಬ ಭಂಡಾರವೂ ಏರ್ಪಟ್ಟವು.

ಇವುಗಳ ಅಗತ್ಯವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ‘ಬಬಲೇಶ್ವರ’ ಎಂಬ ಊರಿನ ಹೆಸರಿನಲ್ಲಿ ಅಕ್ಷರಗಳೆಷ್ಟು? ಬ, ಬ, ಲೇ, ಶ್ವ, ರ ಎಂದು 5 ಅಕ್ಷರಗಳನ್ನು ಚಿಕ್ಕ ಬಾಲಕನೂ ಎಣಿಸಿಯಾನು. ಯುನಿಕೋಡ್ ಪದ್ಧತಿಯಲ್ಲಾದರೋ ಸ್ವರಚಿಹ್ನೆಗೂ ಒತ್ತಕ್ಷರವನ್ನು ಬೆಸೆಯುವ ಚಿಹ್ನೆಗೂ ಪ್ರತ್ಯೇಕ ಸಂಕೇತಗಳಿವೆ. ಆ ಸಂಕೇತಗಳನ್ನೇ ಎಣಿಸುವ ಪೈಥಾನ್ ಸಾಮಾನ್ಯವಾಗಿ 8 ಎಂದು ಉತ್ತರಿಸುತ್ತದೆ. ‘ವಿಜಯಪುರ’ದ 5 ಅಕ್ಷರಗಳು ಅದಕ್ಕೆ 7, ‘ತಿಕೋಟಾ’ದ 3 ಅಕ್ಷರಗಳು 6. ಪಟ್ಟಿಯೊಂದರಲ್ಲಿ ಹೆಸರಿಗೆ ಆರೇ ಸಂಕೇತಗಳ ಸ್ಥಳವಿದ್ದರೆ, ಬಬಲೇಶ್ವರವು ‘ಬಬಲೇಶ್’ ಎಂದು ಮೊಟಕಾಗಿಬಿಡುತ್ತದೆ! ಕನ್ನಡದ ಗುಣಿತವನ್ನೂ ಒತ್ತಕ್ಷರವನ್ನೂ ಅರಿತವರೇ ಈ ದೋಷವನ್ನು ಸರಿಯಾಗಿ ತಿದ್ದಬಲ್ಲರು. ಅವರಲ್ಲೊಬ್ಬರು ಲೈಬ್ರರಿಯನ್ನು ಬರೆದು ಹಂಚಿದರೆ, ಕಾಸರಗೋಡಿನ ಕನ್ನಡಿಗನಾಗಲಿ ಬೆಂಗಳೂರಿನ ಕನ್ನಡಿಗನಾಗಲಿ ಅದೇ ಶ್ರಮವನ್ನು ಮತ್ತೆ ಪಡಬೇಕಾಗಿಲ್ಲ. ಬಳಸುವಾಗ ತಪ್ಪು ಕಂಡವನು ಅದನ್ನು ತಿದ್ದಿ ಕಳುಹಿಸಿದರೆ ಎಲ್ಲರಿಗೂ ಲಾಭವಾಗುತ್ತದೆ.

ಆದರೆ ಪರರ ಕೃತಿಯನ್ನು ನಂಬಿ ನಡೆಯುವುದರಲ್ಲಿ ಅಪಾಯವೂ ಉಂಟು. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ‘ಲೆಫ್ಟ್‌ಪ್ಯಾಡ್’ ಎಂಬ ಕೇವಲ 11 ಸಾಲುಗಳ ಲೈಬ್ರರಿಯೊಂದಿತ್ತು. ಹೆಸರಿನ ಕುರಿತಾದ ವಿವಾದವೊಂದರಿಂದ ಬೇಸತ್ತ ಅದರ ಕರ್ತೃ 2016ರ ಮಾರ್ಚ್ ತಿಂಗಳಲ್ಲಿ ತನ್ನ ಕೃತಿಗಳನ್ನೆಲ್ಲ ಭಂಡಾರದಿಂದ ಹಿಂತೆಗೆದುಕೊಂಡನು. ಆ ಪುಟ್ಟ ಕಟ್ಟನ್ನು ಆಧರಿಸಿದ್ದ ಸಾವಿರಾರು ಯೋಜನೆಗಳ ಕೆಲಸ ಒಮ್ಮೆಲೇ ಸ್ಥಗಿತವಾಯಿತು. ಕೆಲವೇ ಗಂಟೆಗಳಲ್ಲಿ ಅದನ್ನು ಮರಳಿ ಸ್ಥಾಪಿಸಲಾಯಿತು. ಭಂಡಾರದ ನಿಯಮಗಳನ್ನೂ ಬಿಗಿಗೊಳಿಸಲಾಯಿತು.

ಆದುದರಿಂದ ಹಂಚುವವನಿಗೂ ಪಡೆಯುವವನಿಗೂ ಕರ್ತವ್ಯಗಳಿವೆ. ಹಂಚುವವನು ಕೃತಿಯನ್ನು ಪರೀಕ್ಷಿಸಬೇಕು, ಬಳಕೆಯ ಕ್ರಮವನ್ನು ವಿವರಿಸಬೇಕು, ಯಾವ ನಿಬಂಧನೆಗಳಿಗೆ ಒಳಪಟ್ಟು ಅದನ್ನು ಬಳಸಬಹುದೆಂಬುದನ್ನು ಪರವಾನಗಿಯಲ್ಲಿ ಸ್ಪಷ್ಟಪಡಿಸಬೇಕು. ಪಡೆಯುವವನು ಕುರುಡಾಗಿ ನಂಬದೆ ಪರಿಶೀಲಿಸಬೇಕು, ಕರ್ತೃವಿನ ಹೆಸರನ್ನು ಮರೆಮಾಚಬಾರದು. ಹೊಲದ ಬೆಳೆಯನ್ನು ಹಂಚಿದರೆ ಕಣಜ ಬರಿದಾಗುತ್ತದೆ; ಇಲ್ಲಿ ಹಂಚಿದವನ ಕಣಜ ಹಾಗೆಯೇ ಉಳಿದು, ತಿದ್ದುವವರ ಕೈಯಿಂದ ಇನ್ನಷ್ಟು ತುಂಬುತ್ತದೆ. ತಿಕೋಟಾದ ವಿದ್ಯಾರ್ಥಿಯೊಬ್ಬಳು ಬರೆದ ನಾಲ್ಕು ಶುದ್ಧವಾದ ಸಾಲುಗಳಿಗೂ ಆ ಭಂಡಾರದಲ್ಲಿ ಸ್ಥಳವುಂಟು.