ಚಿತ್ರಪುಸ್ತಕಗಳ ಮೂಲಕ ಅಂಗನವಾಡಿ ಮಕ್ಕಳಿಗೆ ಪ್ರಾಣಿಗಳ ಪರಿಚಯ

ಕೋಣನಕುಂಟೆ ಎಂಬ ಹೆಸರಿನಲ್ಲಿ ಕೋಣವೂ ಇದೆ, ಕುಂಟೆಯೂ ಇದೆ. ಆದರೆ ಇಂದು ಬೆಂಗಳೂರು ನಗರದೊಳಗೆ ಸೇರಿಹೋಗಿರುವ ಆ ಊರಿನ ಮಗುವಿಗೆ ಕೋಣವನ್ನು ಬಹುತೇಕ ಚಿತ್ರದಲ್ಲಿಯೇ ತೋರಿಸಬೇಕಾಗಿದೆ. ನಗರದಂಚಿನ ನಮ್ಮ ಗ್ರಾಮಗಳಿಗೂ ಈ ಸ್ಥಿತಿ ದೂರವಿಲ್ಲ.

ಪ್ರಾಣಿಯನ್ನೇ ಕಾಣದ ಮಗು ಚಿತ್ರವನ್ನೇ ನಂಬುತ್ತದೆ. ಪುಟದಲ್ಲಿ ಇರುವೆಯೂ ಆನೆಯೂ ಒಂದೇ ಅಳತೆಯಲ್ಲಿರುತ್ತವೆ. ಹಾವು ಕೂಡ ನಗುತ್ತಿರುತ್ತದೆ. ಬನ್ನೇರುಘಟ್ಟ ಕಾಡಿನಂಚಿನ ಗ್ರಾಮಗಳಲ್ಲಿ ಇದನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ. ಆದುದರಿಂದ ಹೆಸರು ಹೇಳಿಸಿ ಪುಟ ತಿರುವಿದರೆ ಸಾಲದು. ‘ಇದು ನಮ್ಮ ಬಾಗಿಲಿಗಿಂತ ಎತ್ತರವೇ? ಏನು ತಿನ್ನುತ್ತದೆ? ಎದುರಾದರೆ ಏನು ಮಾಡಬೇಕು?’ ಎಂದು ಕೇಳಿ, ಮಗುವಿನ ಉತ್ತರಕ್ಕೆ ಕಾಯಬೇಕು. ಮೊದಲು ಎಮ್ಮೆ, ಕೋಳಿ, ನಾಯಿ. ಜಿರಾಫೆ ನಿಧಾನವಾಗಿ ಬರಲಿ. ಮರಿಗಳೊಡನಿರುವ ನಾಯಿಯ ಬಳಿಗೆ ಹೋಗಬಾರದೆಂಬುದನ್ನು ನಾಯಿಯ ಪುಟದಲ್ಲಿಯೇ ತಿಳಿಸಬೇಕು.

ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ದೊರೆಯುತ್ತವೆ, ಮುದ್ರಿಸಿಕೊಳ್ಳಲೂ ಅವಕಾಶವಿದೆ. ಮಾನ್ಯ ಸದಸ್ಯರು ತಮ್ಮ ಅರಿವು ಕೇಂದ್ರಕ್ಕೆ ಭೇಟಿ ನೀಡಿ, ಮಕ್ಕಳ ಪುಸ್ತಕಗಳು ಬೀಗ ಹಾಕಿದ ಬೀರುವಿನಲ್ಲಿವೆಯೇ, ಮಗುವಿನ ಕೈಗೆಟಕುವ ಹಲಗೆಯ ಮೇಲಿವೆಯೇ ಎಂಬುದನ್ನು ಪರಿಶೀಲಿಸುವುದು. ಪುಸ್ತಕ ಹರಿದೀತೆಂಬ ಅಂಜಿಕೆ ಬೇಡ. ಓದಿದ ಪುಸ್ತಕ ಹರಿದೇ ಹರಿಯುತ್ತದೆ. ಅಂಗನವಾಡಿಗೆ ಪುಸ್ತಕಗಳನ್ನು ಸರದಿಯಂತೆ ಕಳುಹಿಸುವ ಬಗ್ಗೆ ಮುಂದಿನ ಸಾಮಾನ್ಯ ಸಭೆಯಲ್ಲಿ ವಿಷಯ ಮಂಡಿಸಲು ಕೋರಲಾಗಿದೆ.