ತೆಂಗಿನ ಸೀಮೆಯ ಮಕ್ಕಳಿಗೆ ‘ಎ’ ಜೀವಸತ್ತ್ವ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತರು ತೋಟದ ಫಲವನ್ನು ಕೊಬ್ಬರಿಯ ಧಾರಣೆಯಿಂದ ಅಳೆಯುವುದು ಸಹಜ. ಮನೆಯ ಮಕ್ಕಳ ಆರೋಗ್ಯವೂ ತೋಟದ ಫಲವೇ ಆಗಬಹುದೆಂಬುದನ್ನು ತಿಳಿಸುವುದು ಈ ಪತ್ರದ ಉದ್ದೇಶವು.

1. ಜೀವಸತ್ತ್ವದ ಕಾರ್ಯ.— ತೋಟಕ್ಕೆ ಬೇಲಿಯಿರುವಂತೆ ದೇಹಕ್ಕೂ ಬೇಲಿಯುಂಟು. ಕಣ್ಣು, ಶ್ವಾಸನಾಳ, ಕರುಳುಗಳ ಪೊರೆಯೇ ಆ ಬೇಲಿ. ‘ಎ’ ಜೀವಸತ್ತ್ವವು ಈ ಪೊರೆಯನ್ನು ತೇವವಾಗಿಯೂ ದೃಢವಾಗಿಯೂ ಇಡುವುದು. ರೋಗಾಣುಗಳೊಡನೆ ಹೋರಾಡುವ ಬಿಳಿಯ ರಕ್ತಕಣಗಳು ಬೆಳೆಯುವುದಕ್ಕೂ, ಕರುಳಿನ ಕಾವಲಿಗೆ ಹೋಗಿ ಸೇರುವುದಕ್ಕೂ ಇದು ಅವಶ್ಯಕ. ಇಂಗ್ಲೆಂಡಿನ ಗ್ರೀನ್ ಮತ್ತು ಮೆಲನ್‌ಬಿ ಎಂಬ ವಿದ್ವಾಂಸರು 1928ರಲ್ಲಿಯೇ ಇದನ್ನು ಸೋಂಕುನಿರೋಧಕವೆಂದು ಕರೆದರು. ತಮಿಳುನಾಡಿನ ಎಳೆಯ ಮಕ್ಕಳಿಗೆ ವಾರಕ್ಕೊಮ್ಮೆ ಇದನ್ನು ಅಲ್ಪಪ್ರಮಾಣದಲ್ಲಿ ಕೊಟ್ಟಾಗ ಮರಣಗಳು ಅರ್ಧಕ್ಕಿಂತ ಕಡಿಮೆಯಾದುವೆಂದು 1990ರಲ್ಲಿ ಪ್ರಕಟವಾಯಿತು. ಎಲ್ಲ ಕಡೆಯೂ ಫಲವು ಇಷ್ಟು ದೊಡ್ಡದಾಗಿ ಕಾಣಲಿಲ್ಲ.

2. ಕೊರತೆಯ ಲಕ್ಷಣಗಳು.— ಮಗುವು ಸಂಜೆಯ ಮಬ್ಬಿನಲ್ಲಿ ತಡವರಿಸುವುದು, ಇದೇ ಇರುಳುಗಣ್ಣು. ಕಣ್ಣಿನ ಬಿಳಿಯ ಭಾಗವು ಒಣಗಿ, ನೊರೆಯಂತಹ ಕಲೆ ಮೂಡುವುದು. ಭೇದಿಯೂ ದಡಾರವೂ ಇಂತಹ ಮಕ್ಕಳಲ್ಲಿ ಉಲ್ಬಣಿಸುವುವು. ದಡಾರವು ದೇಹದಲ್ಲಿ ಉಳಿದಿರುವ ಅಲ್ಪ ಸಂಗ್ರಹವನ್ನೂ ತಗ್ಗಿಸುವುದು. ಉಪೇಕ್ಷಿಸಿದರೆ ದೃಷ್ಟಿಯೇ ಹೋಗಬಹುದು.

3. ತೆಂಗು ಕೊಡುವುದು, ಕೊಡದಿರುವುದು.— ತೆಂಗಿನಕಾಯಿಯಲ್ಲಾಗಲಿ ಕೊಬ್ಬರಿ ಎಣ್ಣೆಯಲ್ಲಾಗಲಿ ಈ ಜೀವಸತ್ತ್ವವಿಲ್ಲ. ನುಗ್ಗೆ, ದಂಟು, ಹೊನಗೊನ್ನೆ ಮುಂತಾದ ಸೊಪ್ಪುಗಳಲ್ಲಿಯೂ ಪರಂಗಿ, ಮಾವಿನ ಹಣ್ಣುಗಳಲ್ಲಿಯೂ ಕೆರೊಟೀನ್ ಎಂಬ ವಸ್ತುವಿದೆ; ದೇಹವು ಅದನ್ನೇ ‘ಎ’ ಜೀವಸತ್ತ್ವವಾಗಿ ಮಾರ್ಪಡಿಸಿಕೊಳ್ಳುವುದು. ಆದರೆ ಜಿಡ್ಡಿನ ನೆರವಿಲ್ಲದೆ ಕೆರೊಟೀನು ಚೆನ್ನಾಗಿ ಮೈಗೆ ಹತ್ತದು. ಆದುದರಿಂದ ಸೊಪ್ಪಿನ ಪಲ್ಯಕ್ಕೆ ಕಾಯಿತುರಿ ಹಾಕುವ ನಮ್ಮ ಮನೆಗಳ ಪದ್ಧತಿಯು ರುಚಿಗೆ ಮಾತ್ರವಲ್ಲ, ಪುಷ್ಟಿಗೂ ಸಾಧಕ.

4. ಮಾಡತಕ್ಕ ಕೆಲಸ.—

(ಅ) ತೋಟದ ಅಂಚಿನಲ್ಲಿ ಎರಡು ನುಗ್ಗೆ ಕೊಂಬೆ ನೆಡಿರಿ. ನೀರು ನಿಲ್ಲದ, ಬಿಸಿಲು ಬೀಳುವ ಕಡೆ ನಾಲ್ಕು ಪರಂಗಿ ಸಸಿಗಳನ್ನು ಹಾಕಿರಿ. ಬಾವಿಯ ಬಳಿ ದಂಟಿನ ಸೊಪ್ಪಿನ ಪಾತಿ ಮಾಡಿರಿ.

(ಆ) ಸೊಪ್ಪನ್ನು ಮಾರಿ ಮಿಕ್ಕಿದ್ದನ್ನು ಮಕ್ಕಳಿಗೆ ಇಡುವುದಲ್ಲ. ಮಕ್ಕಳಿಗೆ ಇಟ್ಟು ಮಿಕ್ಕಿದ್ದನ್ನು ಮಾರತಕ್ಕದ್ದು. ಬಸ್ಸಾರಿನ ರಸವನ್ನಷ್ಟೇ ಮುದ್ದೆಗೆ ಬಡಿಸದೆ, ಬೆಂದ ಸೊಪ್ಪನ್ನೂ ಮಗುವಿಗೆ ತಿನ್ನಿಸಿರಿ. ಅನುಕೂಲವಿದ್ದರೆ ಹಾಲು, ಮೊಟ್ಟೆಗಳನ್ನೂ ಕೊಡಿರಿ.

(ಇ) ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ‘ಎ’ ಜೀವಸತ್ತ್ವದ ದ್ರಾವಣವನ್ನೂ ದಡಾರದ ಲಸಿಕೆಯನ್ನೂ ತಪ್ಪಿಸಬೇಡಿರಿ. ಈ ಔಷಧವು ಅತಿಯಾದರೆ ಅಪಾಯಕರ. ವೈದ್ಯರು ಹೇಳದೆ ಯಾರೂ, ವಿಶೇಷವಾಗಿ ಗರ್ಭಿಣಿಯರು, ಸೇವಿಸಕೂಡದು.

(ಈ) ಇರುಳುಗಣ್ಣು ಕಂಡೊಡನೆ ಮಗುವನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ. ಹಾಳಾದ ತೋಟವನ್ನು ಮತ್ತೆ ಎಬ್ಬಿಸಬಹುದು. ಹೋದ ಕಣ್ಣನ್ನು ತರಲಾಗದು.